ಜೀವಶಾಸ್ತ್ರದ ಪ್ರಥಮ ಪಾಠಗಳು ಮತ್ತು ಜೀವವಿಚಾರ

ಸಚೇತನ ವಸ್ತುಗಳ ರಚನೆ, ಪೋಷಣೆ, ಬೆಳವಣಿಗೆ, ಸಂತಾನೋತ್ಪತ್ತಿ ಹಾಗೂ ಪರಸ್ಪರ ಸಂಬಂಧಗಳನ್ನು ಪರಿಶೀಲಿಸುವ ವಿದ್ಯೆಗೆ ಜೀವಶಾಸ್ತ್ರವೆಂದು ಹೆಸರು. ಸಪ್ತಭಾಷಾ ಸಂಗಮಭೂಮಿ ಎನಿಸಿದ ಕಾಸರಗೋಡಿನಲ್ಲಿ, ಅದರಲ್ಲಿಯೂ ಮಂಜೇಶ್ವರದ ಪರಿಸರದಲ್ಲಿ, ಒಂದೇ ಮನೆತನದ ಮಕ್ಕಳು ಈ ವಿದ್ಯೆಯನ್ನು ಬೇರೆ ಬೇರೆ ನುಡಿಗಳಲ್ಲಿ ಅಭ್ಯಸಿಸುವುದುಂಟು. ಕನ್ನಡ ಮಾಧ್ಯಮದ ಮಗುವಿಗೆ ಅದು ಜೀವಶಾಸ್ತ್ರ. ಮಲಯಾಳದಲ್ಲಿ ಕಲಿಯುವವನಿಗೆ ಜೀವಶಾಸ್ತ್ರಂ. ಇಂಗ್ಲಿಷ್ ಶಾಲೆಗೆ ಹೋಗುವವಳಿಗೆ ಬಯಾಲಜಿ. ಮುಂಬಯಿಯಲ್ಲಿ ನೆಲಸಿದ ಬಂಧುಗಳ ಮಕ್ಕಳಿಗೆ ಜೀವವಿಜ್ಞಾನ. ಸಂಜೆ ಮನೆಯಲ್ಲಿ ತುಳುವಿನಲ್ಲಿ ಮಾತನಾಡುವ ಅಜ್ಜಿ ‘ಜೀವ’ ಎಂದಾಗ ಆ ಪದಕ್ಕೆ ಮತ್ತೊಂದು ಅರ್ಥವಿರುತ್ತದೆ. ಶಾಲೆಯ ಜೀವ ಮತ್ತು ಬಸದಿಯ ಜೀವ ಇವೆರಡೂ ಒಂದೆಯೋ, ಬೇರೆಯೋ ಎಂಬ ಪ್ರಶ್ನೆ ಎಂಟು ಹತ್ತು ವರ್ಷದ ಮಕ್ಕಳ ಬಾಯಲ್ಲಿ ಸಹಜವಾಗಿಯೇ ಬರುತ್ತದೆ. ಅದಕ್ಕೆ ಉತ್ತರವನ್ನು ಹುಡುಕುವುದರೊಂದಿಗೆ ಜೀವಶಾಸ್ತ್ರದ ಮೂಲ ಪಾಠಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಜೈನ ದರ್ಶನದಲ್ಲಿ ಜೀವವೆಂದರೆ ಚೈತನ್ಯಸ್ವರೂಪವಾದ ದ್ರವ್ಯ. ಜ್ಞಾನ ದರ್ಶನಗಳು ಅದರ ಲಕ್ಷಣ. ಶರೀರವು ಅದು ಧರಿಸಿದ ಪುದ್ಗಲ. ಜೀವಶಾಸ್ತ್ರವಾದರೋ ಶರೀರವನ್ನು ಮಾತ್ರ ಅಳೆಯಬಲ್ಲದು. ಆಹಾರದಿಂದ ಶಕ್ತಿಯನ್ನು ಪಡೆಯುವುದು, ಬೆಳೆಯುವುದು, ಹೊರಗಿನ ಪ್ರಚೋದನೆಗೆ ಪ್ರತಿಕ್ರಿಯಿಸುವುದು, ಒಳಗಿನ ಸ್ಥಿತಿಯನ್ನು ಸಮತೋಲದಲ್ಲಿ ಇಟ್ಟುಕೊಳ್ಳುವುದು, ತನ್ನಂತಹುದನ್ನು ಹುಟ್ಟಿಸುವುದು – ಈ ಲಕ್ಷಣಗಳು ಕೂಡಿದ್ದರೆ ಅದು ಜೀವಿ. ಈ ಅಳತೆಯಂತೆ ಮಣ್ಣು, ನೀರು, ಬೆಂಕಿ, ಗಾಳಿ ಜೀವಿಗಳಲ್ಲ. ಆಗಮದ ಪ್ರಕಾರ ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ ಜೀವಗಳುಂಟು. ಎರಡು ವಿದ್ಯೆಗಳು ಇಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂದು ಮಗುವಿಗೆ ನೇರವಾಗಿ ಹೇಳುವುದೇ ಲೇಸು. ಒಂದನ್ನು ಇನ್ನೊಂದರ ಸಾಕ್ಷಿಯನ್ನಾಗಿ ಎಳೆದು ತರುವ ಉತ್ಸಾಹದಿಂದ ಎರಡಕ್ಕೂ ಗೌರವ ಕಡಿಮೆಯಾಗುತ್ತದೆ.

ಜೀವಕೋಶ

ಮನೆ ಕಟ್ಟಲು ಕೆಂಪುಕಲ್ಲು ಹೇಗೋ ದೇಹಕ್ಕೆ ಜೀವಕೋಶವು ಹಾಗೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಹೋಲಿಕೆ ಅರ್ಧ ಮಾತ್ರ ಸರಿ. ಕಲ್ಲು ತಾನಾಗಿ ಉಸಿರಾಡುವುದಿಲ್ಲ, ಇಬ್ಭಾಗವಾಗಿ ಎರಡು ಕಲ್ಲಾಗುವುದಿಲ್ಲ. ಜೀವಕೋಶವು ಇವೆರಡನ್ನೂ ಮಾಡುತ್ತದೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಪುಟ್ಟ ಕೋಣೆಗಳಿಗೆ ಹೆಸರಿಟ್ಟನು. ಮುಂದಿನ ದಶಕದಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಿಂದ ಒಂದು ಹನಿ ನೀರಿನಲ್ಲಿ ಓಡಾಡುವ ಜೀವಿಗಳನ್ನು ಕಂಡನು. 1838–39ರಲ್ಲಿ ಷ್ಲೈಡೆನ್ ಮತ್ತು ಷ್ವಾನ್ ಎಂಬ ಜರ್ಮನ್ ವಿದ್ವಾಂಸರು ಸಸ್ಯ ಪ್ರಾಣಿಗಳೆಲ್ಲವೂ ಜೀವಕೋಶಗಳಿಂದಲೇ ಆಗಿವೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ಮಾನವ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಅದೇ ದೇಹವನ್ನು ಆಶ್ರಯಿಸಿದ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಬಹುತೇಕ ಅಷ್ಟೇ ಎಂದು ಇತ್ತೀಚಿನ ಅಂದಾಜು.

ಈ ಸಂಗತಿಯನ್ನು ಓದಿದೊಡನೆ ‘ಆಗಮದ ನಿಗೋದ ಜೀವಗಳೇ ಬ್ಯಾಕ್ಟೀರಿಯಾಗಳು’ ಎಂದು ಬರೆಯುವ ವಾಡಿಕೆಯುಂಟು. ಅದು ಅವಸರದ ಮಾತು. ನಿಗೋದದಲ್ಲಿ ಅನಂತ ಜೀವಗಳಿಗೆ ಶರೀರ ಒಂದೇ; ಆಹಾರ, ಉಸಿರಾಟ, ಜನನ, ಮರಣ ಎಲ್ಲವೂ ಸಾಧಾರಣ. ಬ್ಯಾಕ್ಟೀರಿಯಾವಾದರೋ ಒಂದೇ ಕೋಶದ ಸ್ವತಂತ್ರ ದೇಹ; ತನ್ನ ಆಹಾರವನ್ನು ತಾನೇ ಹೀರಿ, ತಾನೇ ಇಬ್ಭಾಗವಾಗುತ್ತದೆ. ಕಣ್ಣಿಗೆ ಕಾಣದ ಜೀವಗಳು ಎಲ್ಲೆಡೆ ತುಂಬಿವೆಯೆಂದು ತಿಳಿದು ನಡೆ ನುಡಿ ಊಟಗಳಲ್ಲಿ ಎಚ್ಚರ ವಹಿಸಿದ ಪೂರ್ವಿಕರ ದೃಷ್ಟಿ ಸೂಕ್ಷ್ಮವಾದುದು, ನಿಜ. ಆದರೆ ಅವರ ಲೆಕ್ಕ ಜೀವಗಳದ್ದು, ಸೂಕ್ಷ್ಮದರ್ಶಕದ ಲೆಕ್ಕ ದೇಹಗಳದ್ದು.

ಇಂದ್ರಿಯ ಮತ್ತು ವರ್ಗೀಕರಣ

ಸ್ಪರ್ಶ ಮಾತ್ರವಿರುವ ಏಕೇಂದ್ರಿಯದಿಂದ ಹಿಡಿದು ಹುಳು, ಇರುವೆ, ದುಂಬಿ, ಮನುಷ್ಯ ಎಂದು ಒಂದೊಂದೇ ಇಂದ್ರಿಯ ಹೆಚ್ಚುತ್ತ ಹೋಗುವ ಕ್ರಮವನ್ನು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಇದನ್ನು ವಿಸ್ತರಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಕೇಶವವರ್ಣಿಯು ಅದಕ್ಕೆ ಕನ್ನಡದಲ್ಲಿ ವೃತ್ತಿ ಬರೆದನು. ಜೀವಭೇದಗಳನ್ನು ಇಷ್ಟು ವಿವರವಾಗಿ ಎಣಿಸುವ ಕೆಲಸ ಕನ್ನಡದಲ್ಲಿ ಆರುನೂರು ವರ್ಷಗಳಿಗೂ ಹಿಂದೆಯೇ ನಡೆದಿತ್ತೆಂಬುದು ಉಲ್ಲೇಖನೀಯ.

ಆಧುನಿಕ ವರ್ಗೀಕರಣದ ಆಧಾರ ಬೇರೆ. ಅಲ್ಲಿ ಕೇಳುವ ಪ್ರಶ್ನೆ ‘ಎಷ್ಟು ಇಂದ್ರಿಯ’ ಎಂದಲ್ಲ, ‘ಯಾರಿಗೆ ಯಾರು ಬಂಧು’ ಎಂದು. ಸೊಳ್ಳೆಗೆ ಕಿವಿಯಿಲ್ಲದಿದ್ದರೂ ಮೀಸೆಯ ಬುಡದಲ್ಲಿರುವ ಅಂಗದಿಂದ ಅದು ಶಬ್ದವನ್ನು ಗ್ರಹಿಸುತ್ತದೆ. ಅನೇಕ ಜಾತಿಯ ಇರುವೆಗಳಿಗೆ ಕಣ್ಣುಂಟು. ಕಣ್ಣಿಲ್ಲದ ಸಸ್ಯವು ಬೆಳಕಿನ ದಿಕ್ಕನ್ನು ಅರಿತು ಬಾಗುತ್ತದೆ. ಕನ್ನಡದಲ್ಲಿ ಮುಟ್ಟಿದರೆ ಮುನಿ, ಮಲಯಾಳದಲ್ಲಿ ತೊಟ್ಟಾವಾಡಿ ಎನಿಸಿದ ಮುಳ್ಳುಗಿಡದ ಎಲೆ ಮಡಚಿಕೊಳ್ಳುವುದನ್ನು ತೋಟದ ಬದುವಿನಲ್ಲಿ ಎಲ್ಲ ಮಕ್ಕಳೂ ನೋಡಿದ್ದಾರೆ. ಮುಟ್ಟಿದ ಸುದ್ದಿಯು ಆ ಗಿಡದೊಳಗೆ ವಿದ್ಯುತ್ ಸಂಕೇತವಾಗಿ ಸಾಗುವುದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗದೀಶಚಂದ್ರ ಬೋಸರು ಅಳೆದು ತೋರಿಸಿದರು. ಸಸ್ಯಕ್ಕೆ ಸ್ಪರ್ಶವುಂಟೆಂಬ ಮಾತಿನಲ್ಲಿ ಎರಡು ವಿದ್ಯೆಗಳೂ ಸೇರುತ್ತವೆ.

ಹೆಸರಿಡುವ ವಿಷಯದಲ್ಲಿ ಬಹುಭಾಷೆಯ ಈ ನಾಡಿಗೆ ಜೀವಶಾಸ್ತ್ರವು ಒಂದು ಉಪಕಾರ ಮಾಡಿದೆ. ಕನ್ನಡದ ಕಾಸರಕ, ತುಳುವಿನ ಕಾಯೆರ್, ಮಲಯಾಳದ ಕಾಞಿರಂ ಮೂರೂ ಒಂದೇ ಮರ. 1753ರಲ್ಲಿ ಸ್ವೀಡನ್ನಿನ ಲಿನೇಯಸನು ಸಸ್ಯಗಳಿಗೆ ರೂಢಿಗೊಳಿಸಿದ ಎರಡು ಪದದ ಪದ್ಧತಿಯಂತೆ ಅದಕ್ಕೆ ಸ್ಟ್ರಿಕ್ನೋಸ್ ನಕ್ಸ್‌ವೋಮಿಕಾ ಎಂದು ಹೆಸರು. ಕಾಸರಗೋಡಿಗೆ ಆ ಹೆಸರು ಬಂದುದು ಇದೇ ಮರದಿಂದ ಎಂದು ಹೇಳುವವರಿದ್ದಾರೆ. 2023ರಲ್ಲಿ ಜಿಲ್ಲೆಯು ತನ್ನದೇ ಆದ ಮರ, ಹೂ, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿದಾಗ ಮರದ ಸ್ಥಾನ ದೊರೆತುದೂ ಇದಕ್ಕೇ. ಹೂವಿನ ಸ್ಥಾನ ಪಡೆದ ಪೆರಿಯದ ಪೋಳತ್ತಾಳಿಯನ್ನು ಸಸ್ಯವಿಜ್ಞಾನಿಗಳು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದುದು 2012ರಷ್ಟು ಈಚೆಗೆ. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಪ್ರಾಣಿ ಹೊಳೆಯ ಮೃದುಚಿಪ್ಪಿನ ದೈತ್ಯ ಆಮೆ. ಮನೆಯ ಅಂಗಳದಾಚೆ ಇನ್ನೂ ಹೆಸರಿಲ್ಲದ ಜೀವಿಗಳು ಇರಬಹುದೆಂಬುದಕ್ಕೆ ಪೆರಿಯದ ಆ ಹೂವೇ ಸಾಕ್ಷಿ.

ಗಾಳಿಸಿದ ನೀರು

ಜೈನ ಮನೆಗಳಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಗಾಳಿಸಿಯೇ ಬಳಸುವ ಪದ್ಧತಿಯು ಮೂಲತಃ ಅಹಿಂಸೆಗಾಗಿ ಬಂದುದು, ಆರೋಗ್ಯಕ್ಕಾಗಿ ಅಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಯ ನೀರಿಗೆ ಮೆಲ್ಲನೆ ಹಿಂದಿರುಗಿಸಬೇಕೆಂಬ ನಿಯಮವೇ ಇದನ್ನು ಸ್ಪಷ್ಟಪಡಿಸುತ್ತದೆ. ಪ್ರತಿಯೊಂದು ಜೀವಿಗೂ ತನ್ನದೇ ಆದ ನೆಲೆಯುಂಟು, ಬೇರೆ ನೀರಿನಲ್ಲಿ ಅದು ಬದುಕಲಾರದು ಎಂಬ ತಿಳಿವಳಿಕೆ ಆ ನಿಯಮದೊಳಗಿದೆ. ಇಂದಿನ ಪಠ್ಯಪುಸ್ತಕದಲ್ಲಿ ಇದೇ ಆವಾಸಸ್ಥಾನದ ಪಾಠ.

ಆದರೂ ಆರೋಗ್ಯದ ದೃಷ್ಟಿಯಿಂದ ಬಟ್ಟೆ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ವಿಚಾರಾರ್ಹ. ನಾರುಹುಣ್ಣು ಎಂಬ ರೋಗವು ಒಂದು ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳನ್ನು ಕಾಡಿತ್ತು. ಅದರ ಮರಿಹುಳು ಸೈಕ್ಲಾಪ್ಸ್ ಎಂಬ, ಬರಿಗಣ್ಣಿಗೆ ಚುಕ್ಕೆಯಂತೆ ತೋರುವ ನೀರಿನ ಕೀಟದೊಳಗೆ ಇರುತ್ತದೆ. ಕುಡಿಯುವ ನೀರಿನೊಂದಿಗೆ ಅದು ಹೊಟ್ಟೆ ಸೇರಿದರೆ ವರ್ಷದೊಳಗೆ ಎರಡು ಮೂರು ಅಡಿ ಉದ್ದದ ದಾರದಂತಹ ಹುಳು ಕಾಲಿನ ಹುಣ್ಣಿನಿಂದ ಹೊರಬರುತ್ತದೆ. ಲಸಿಕೆಯಿಲ್ಲ, ಮದ್ದಿಲ್ಲ. ಭಾರತವು ಈ ರೋಗವನ್ನು ಗೆದ್ದುದು ಮುಖ್ಯವಾಗಿ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿ, ಕೊಳವೆಬಾವಿ ತೆಗೆಸಿ, ನೀರನ್ನು ಬಟ್ಟೆಯಲ್ಲಿ ಸೋಸಲು ಜನರಿಗೆ ಕಲಿಸಿ. ದೇಶದ ಕೊನೆಯ ಪ್ರಕರಣ ವರದಿಯಾದುದು 1996ರ ಜುಲೈಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ರೋಗಮುಕ್ತವೆಂದು ಘೋಷಿಸಿತು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸುವ ಪ್ರಯೋಗ ನಡೆಸಿದರು. ಕಾಲರಾ ಸುಮಾರು ಅರ್ಧಕ್ಕೆ, ನಿಖರವಾಗಿ ಹೇಳುವುದಾದರೆ ಶೇಕಡಾ 48ರಷ್ಟು, ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಕಾಲರಾದ ಬ್ಯಾಕ್ಟೀರಿಯಾ ಸೀರೆಯ ಎಳೆಗಳ ನಡುವೆ ಸುಲಭವಾಗಿ ನುಸುಳುವಷ್ಟು ಚಿಕ್ಕದು. ಆದರೆ ಅದು ಅಂಟಿಕೊಂಡಿರುವ ಸೂಕ್ಷ್ಮ ಕೀಟಗಳು ನುಸುಳಲಾರವು. ಹಳೆಯ ಸೀರೆಯೇ ಏಕೆಂದರೆ ಹಲವು ಬಾರಿ ಒಗೆದ ಹತ್ತಿಯ ಎಳೆಗಳು ಸಡಿಲಾಗಿ ಹರಡಿ ರಂಧ್ರಗಳು ಕಿರಿದಾಗುತ್ತವೆ.

ಉಳಿದ ಅರ್ಧಕ್ಕೆ ಕುದಿಸುವುದೇ ಉಪಾಯ. ಕಾಮಾಲೆ ರೋಗದ ವೈರಸ್ ಯಾವ ಬಟ್ಟೆಗೂ ಸಿಗುವುದಿಲ್ಲ. ಮಳೆಗಾಲದಲ್ಲಿ ಬಾವಿಯ ನೀರು ಕದಡಿದಾಗ ಗಾಳಿಸಿದ್ದೇವೆಂದು ಸಮಾಧಾನಪಟ್ಟು ಕುದಿಸದಿರುವುದು ಅಪಾಯಕರ. ಗಾಳಿಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷ, ಚೆನ್ನಾಗಿ ಕಾಯಿಸಿದ ನೀರಿಗೆ ಒಂದು ಅಹೋರಾತ್ರಿ ಎಂಬ ಮರ್ಯಾದೆಯನ್ನು ಪಾಲಿಸುವ ಹಿರಿಯರು ಇಂದಿಗೂ ಇದ್ದಾರೆ. ಅನುಕೂಲ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ ಎಂಬ ಅಂಕಿಯನ್ನು ಮುಂದಿಟ್ಟುಕೊಂಡು ಆ ಮರ್ಯಾದೆಗೆ ವೈಜ್ಞಾನಿಕ ಆಧಾರವನ್ನು ಕಟ್ಟಬೇಕಾಗಿಲ್ಲ. ಆಹಾರಾಂಶ ಕಡಿಮೆಯಿರುವ ಬಾವಿಯ ನೀರಿನಲ್ಲಿ ಅವು ಅಷ್ಟು ವೇಗವಾಗಿ ಬೆಳೆಯುವುದೂ ಇಲ್ಲ. ಕುದಿಸಿ ಮುಚ್ಚಿಟ್ಟ ನೀರನ್ನು ಅಂದಂದೇ ಬಳಸಿ ಮುಗಿಸುವುದು ಒಳ್ಳೆಯ ಅಭ್ಯಾಸ ಎಂದಷ್ಟೇ ಹೇಳಿದರೆ ಸಾಕು.

ಅನುವಂಶೀಯತೆ

ತಾಯಿ ತಂದೆಯರ ಗುಣಗಳು ಸಂತತಿಗೆ ಹರಿದು ಬರುವ ಬಗೆಯನ್ನು ಗ್ರೆಗೊರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಪರಿಶೀಲಿಸಿ 1866ರಲ್ಲಿ ಪ್ರಕಟಿಸಿದನು. ಶಾಲೆಗಳಲ್ಲಿ ಬಟಾಣಿಯ ಉದಾಹರಣೆಯನ್ನೇ ಕೊಡುತ್ತಾರೆ. ಕರಾವಳಿಯ ಮಕ್ಕಳಿಗೆ ತೆಂಗು ಹೆಚ್ಚು ಹತ್ತಿರ. ಊರಿನ ಎತ್ತರದ ತೆಂಗಿನ ಹೊಂಬಾಳೆಯಲ್ಲಿ ಗಂಡು ಹೂಗಳು ಉದುರಿದ ಮೇಲೆಯೇ ಹೆಣ್ಣು ಹೂಗಳು ಪರಾಗಕ್ಕೆ ಸಿದ್ಧವಾಗುತ್ತವೆ. ಆದುದರಿಂದ ಪರಾಗ ಸಾಮಾನ್ಯವಾಗಿ ಬೇರೆ ಮರದಿಂದ ಬರಬೇಕು. ಗಿಡ್ಡ ತಳಿಯಲ್ಲಿ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶ. 1932ರಲ್ಲಿ ಇದೇ ಜಿಲ್ಲೆಯ ನೀಲೇಶ್ವರದ ಸಂಶೋಧನಾ ಕೇಂದ್ರದಲ್ಲಿ ಡಾ. ಜೆ. ಎಸ್. ಪಟೇಲರು ಪಶ್ಚಿಮ ಕರಾವಳಿಯ ಎತ್ತರದ ತೆಂಗಿಗೆ ಚಾವಕ್ಕಾಡಿನ ಹಸುರು ಗಿಡ್ಡ ತೆಂಗಿನ ಪರಾಗವನ್ನು ಸೇರಿಸಿದರು. ಹುಟ್ಟಿದ ಸಸಿಗಳು ಬೇಗ ಫಲ ಬಿಟ್ಟವು. ತಾಯಿತಂದೆಗಳಿಬ್ಬರನ್ನೂ ಮೀರಿದ ಕಸುವು ತೋರಿದವು. ಸಂಕರ ತೆಂಗಿನ ಕಸುವು ಲೋಕದಲ್ಲಿ ಮೊದಲು ದಾಖಲಾದುದು ನೀಲೇಶ್ವರದಲ್ಲಿ ಎಂಬುದು ಈ ಜಿಲ್ಲೆಯ ಅನೇಕರಿಗೆ ತಿಳಿಯದ ಹೆಮ್ಮೆ.

ಸಂಕರ ಮರದ ಕಾಯಿಯನ್ನೇ ಬಿತ್ತಿ ಸಸಿ ಮಾಡಿದ ಕೃಷಿಕರು ‘ತಾಯಿಯಂತೆ ಬರಲಿಲ್ಲ’ ಎಂದು ನೊಂದುಕೊಳ್ಳುತ್ತಾರೆ. ಎರಡು ತಳಿಗಳಿಂದ ಬಂದ ಗುಣಘಟಕಗಳು ಮುಂದಿನ ತಲೆಮಾರಿನಲ್ಲಿ ಮತ್ತೆ ಬೇರ್ಪಟ್ಟು ಹೊಸ ಹೊಸ ಜೋಡಣೆಗೆ ಒಳಗಾಗುವುದೇ ಇದಕ್ಕೆ ಕಾರಣ. ಮೆಂಡೆಲನ ಬಟಾಣಿಯಲ್ಲಿ ಕಂಡ ನಿಯಮವೂ ಅದೇ.

ಪರಾಗವೇ ಇಲ್ಲದೆ ನಡೆಯುವ ಸಂತಾನೋತ್ಪತ್ತಿಯೂ ಉಂಟು. ಬಟಾಟೆಯ ಒಂದೊಂದು ಕಣ್ಣೂ ಒಂದೊಂದು ಗಿಡವಾಗಬಲ್ಲದು. ಕಂದಮೂಲಗಳನ್ನು ಅನಂತಕಾಯವೆಂದು ವರ್ಜಿಸುವ ಮನೆಯ ಮಕ್ಕಳು ಇದನ್ನು ಓದಿದಾಗ ಅಜ್ಜಿಯ ಮಾತಿಗೆ ಪುರಾವೆ ಸಿಕ್ಕಿತೆಂದು ಹಿಗ್ಗುವುದು ಸಹಜ. 1958ರಲ್ಲಿ ಅಮೆರಿಕದ ಸ್ಟೀವರ್ಡ್ ಎಂಬ ವಿಜ್ಞಾನಿ ಗಜ್ಜರಿಯ ಬಿಡಿ ಕೋಶಗಳಿಂದ ಇಡೀ ಗಿಡವನ್ನು ಬೆಳೆಸಿ ತೋರಿಸಿದಾಗ ಆ ಹಿಗ್ಗಿಗೆ ಇನ್ನಷ್ಟು ಕಾರಣ ದೊರೆಯಿತೆನ್ನಬಹುದು. ಆದರೆ ಅಂತಹ ಸಾಮರ್ಥ್ಯ ಗೆಡ್ಡೆಗಳಿಗೆ ಮಾತ್ರ ಮೀಸಲಲ್ಲ. ಇಂದು ತೋಟಗಳಿಗೆ ಬರುವ ಅಂಗಾಂಶ ಕೃಷಿಯ ಬಾಳೆ ಸಸಿಗಳೂ ಕಾಂಡದ ಚಿಕ್ಕ ತುಣುಕಿನಿಂದ ಬೆಳೆದವು. ಗೆಡ್ಡೆಯನ್ನು ಕಿತ್ತರೆ ಗಿಡವೇ ಹೋಗುತ್ತದೆ, ಹಣ್ಣನ್ನು ಕೊಯ್ದರೆ ಗಿಡ ಉಳಿಯುತ್ತದೆ ಎಂಬ ಸರಳ ವ್ಯತ್ಯಾಸಕ್ಕೆ ಯಾವ ಪ್ರಯೋಗಶಾಲೆಯೂ ಬೇಡ.

ಜಾತಿಗಳು ಕಾಲಾಂತರದಲ್ಲಿ ಬದಲಾಗುತ್ತವೆ, ಎಲ್ಲ ಜೀವಿಗಳೂ ದೂರದ ಒಂದೇ ಮೂಲದಿಂದ ಕವಲೊಡೆದವು ಎಂಬ ವಿಕಾಸವಾದವನ್ನು ಡಾರ್ವಿನ್ 1859ರಲ್ಲಿ ಮಂಡಿಸಿದನು. ಜೀವವು ಕರ್ಮಾನುಸಾರ ಯೋನಿಯಿಂದ ಯೋನಿಗೆ ಸಾಗುತ್ತದೆಂಬ ತತ್ತ್ವಕ್ಕೂ ಇದಕ್ಕೂ ನೇರ ಹೋಲಿಕೆಯಿಲ್ಲ. ಆದರೆ ವಿಕಾಸವಾದದ ಒಂದು ಫಲಿತಾಂಶವನ್ನು ಈ ತಾಲೂಕಿನ ಜನರು ಬಹು ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು.

ನರ ಮತ್ತು ವಿಷ

ಪ್ರಾಣಿದೇಹದಲ್ಲಿ ಸುದ್ದಿಯನ್ನು ಒಯ್ಯುವುದು ನರಕೋಶ. ಕೆಲವು ನರಗಳು ಪ್ರಚೋದಿಸುತ್ತವೆ, ಕೆಲವು ತಡೆಯುತ್ತವೆ. ತಡೆ ಇಲ್ಲದಿದ್ದರೆ ಸ್ನಾಯುಗಳು ಸೆಟೆದು ಸೆಳೆತ ಉಂಟಾಗುತ್ತದೆ. ಕಾಸರಕನ ಬೀಜದಲ್ಲಿರುವ, 1818ರಲ್ಲಿ ಫ್ರೆಂಚ್ ರಸಾಯನಜ್ಞರು ಬೇರ್ಪಡಿಸಿದ ಸ್ಟ್ರಿಕ್ನೀನ್ ಎಂಬ ವಿಷವು ಮಾಡುವುದು ಇದನ್ನೇ, ತಡೆಯುವ ನರಗಳ ಸುದ್ದಿಯನ್ನು ಅಡ್ಡಗಟ್ಟುವುದು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರವೆಂದು ಭ್ರಮಿಸಿ ಕಾಸರಕನ ತೊಗಟೆಯನ್ನು ಕೆತ್ತಿ ತಂದು ಕಷಾಯ ಕುಡಿದವರು ಅಪಾಯಕ್ಕೆ ಸಿಲುಕಿದ ಘಟನೆಗಳು ಕರಾವಳಿಯಲ್ಲಿ ನಡೆದಿವೆ. ಜೈನ ಕವಿ ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿ ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಸಸ್ಯಾದಿಗಳಿಂದ ಬರುವ ಸ್ಥಾವರ ವಿಷ, ಪ್ರಾಣಿಗಳಿಂದ ಬರುವ ಜಂಗಮ ವಿಷ ಎಂಬ ಭೇದ ಅಂದಿನ ವೈದ್ಯರಿಗೆ ಪರಿಚಿತವಾಗಿತ್ತು. ಹೆಲಿಕಾಪ್ಟರಿನಿಂದ ಸುರಿಯುವ ವಿಷವನ್ನು ಮಂಗರಾಜನು ಊಹಿಸಿರಲಾರನು.

ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ಕಾಸರಗೋಡಿನ ಗುಡ್ಡಗಳ ಮೇಲೆ ಹರಡಿವೆ. ಗೇರಿನ ಚಿಗುರು ಹೂಗಳ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟವನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಎಂಡೋಸಲ್ಫಾನನ್ನು ಆಕಾಶದಿಂದ ಸಿಂಪಡಿಸಲಾಯಿತು. ಗುಡ್ಡದ ಬುಡದಲ್ಲಿ ಊರುಗಳು. ಅಲ್ಲಿಯ ಕುಡಿಯುವ ನೀರು ಗುಡ್ಡವನ್ನು ಅಡ್ಡವಾಗಿ ಕೊರೆದ ಸುರಂಗಗಳಿಂದ ಮತ್ತು ತೋಡುಗಳಿಂದ. ಇಂದು ಮಂಜೇಶ್ವರ ತಾಲೂಕಿಗೆ ಸೇರಿದ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ವಿಕಾರವಾಗಿ ಹುಟ್ಟುವ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು 1979ರಷ್ಟು ಹಿಂದೆಯೇ ಬರೆದಿದ್ದರು. ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಅಂಗವೈಕಲ್ಯ, ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿ ದಾಖಲಿಸತೊಡಗಿದರು. ಜೇನು, ಮೀನು, ಕಪ್ಪೆಗಳು ಸಾಯುತ್ತಿರುವುದನ್ನು ಊರವರು ಅದಕ್ಕೂ ಮೊದಲೇ ಕಂಡಿದ್ದರು.

ಕೀಟಕ್ಕೆ ಹಾಕಿದ ವಿಷ ಕರುವಿಗೂ ಮಗುವಿಗೂ ಏಕೆ ತಗಲಬೇಕು? ಜೀವಶಾಸ್ತ್ರದ ಉತ್ತರ ಇಲ್ಲಿದೆ. ಎಂಡೋಸಲ್ಫಾನ್ ತಡೆಯುವ ನರಸಂಕೇತವೊಂದರ ದ್ವಾರವನ್ನು ಮುಚ್ಚುತ್ತದೆ; ಕಾಸರಕನ ವಿಷದಂತೆಯೇ, ಬೇರೆ ದ್ವಾರದಲ್ಲಿ. ಆ ದ್ವಾರವು ಕೀಟದ ನರದಲ್ಲಿಯೂ ಉಂಟು, ಮೀನಿನ, ಹಸುವಿನ, ಮನುಷ್ಯನ ನರದಲ್ಲಿಯೂ ಉಂಟು. ಏಕೆಂದರೆ ಇವೆಲ್ಲವೂ ಅದನ್ನು ಒಂದೇ ಪೂರ್ವಜನಿಂದ ಪಡೆದವು. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಕೊಬ್ಬಿನಲ್ಲಿ ಕರಗುವುದು ಬಹಳ. ಆದುದರಿಂದ ಹುಲ್ಲು, ಹಸು, ಹಾಲು, ಮಗು ಎಂಬ ಆಹಾರ ಸರಪಳಿಯಲ್ಲಿ ಅದು ಸಾಗುತ್ತ ಸಂಗ್ರಹವಾಗಬಲ್ಲದು. ಶಾಕಾಹಾರಿಯೂ ಈ ಸರಪಳಿಯ ಹೊರಗಿಲ್ಲ. ಯಾವ ರೋಗಿಯ ಯಾವ ವೈಕಲ್ಯಕ್ಕೆ ಇದೇ ಕಾರಣವೆಂದು ಒಂದೊಂದಾಗಿ ಸಿದ್ಧಪಡಿಸುವುದು ಕಷ್ಟ. ಆ ಕಷ್ಟವನ್ನೇ ಮುಂದಿಟ್ಟು ವರ್ಷಗಟ್ಟಲೆ ವಾದ ನಡೆಯಿತು. ವಾದ ನಡೆಯುತ್ತಿದ್ದಾಗ ಹುಟ್ಟಿದ ಮಕ್ಕಳು ಇಂದು ಹಾಸಿಗೆ ಹಿಡಿದ ತರುಣರು. ಅವರನ್ನು ಎತ್ತಿ ಮೀಯಿಸುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ.

ವೈಮಾನಿಕ ಸಿಂಪಡಣೆ 2000ದ ಬಳಿಕ ನಿಂತಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ವರ್ಜ್ಯ ಪಟ್ಟಿಗೆ ಸೇರಿಸಿದವು. ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆಯಾಜ್ಞೆ ನೀಡಿತು. 2017ರ ಜನವರಿಯಲ್ಲಿ ಪ್ರತಿಯೊಬ್ಬ ಸಂತ್ರಸ್ತನಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಅದೇ ನ್ಯಾಯಾಲಯವು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಟೀ ಸೊಳ್ಳೆ ಗೇರಿನ ಮರವನ್ನು ಬಿಟ್ಟು ಹೋಗಿಲ್ಲ. ಉತ್ತರ ಆಸ್ಟ್ರೇಲಿಯಾದ ಗೇರು ತೋಟಗಳಲ್ಲಿ ನಡೆದ ಅಧ್ಯಯನಗಳು ಮತ್ತೊಂದು ದಾರಿಯನ್ನು ತೋರಿಸಿವೆ. ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪು ಇರುವೆಗಳು ನೆಲಸಿದ ಮರಗಳಲ್ಲಿ ಆ ಕುಲದ ಕೀಟದ ಹಾವಳಿ ಬಹಳ ಕಡಿಮೆ. ಕಾಸರಗೋಡಿನ ಗೇರು, ಮಾವಿನ ಮರಗಳ ಮೇಲೆಯೂ ಈ ಚಗಳಿ ಇರುವೆಗಳು ಧಾರಾಳವಾಗಿವೆ. ಕೊಯ್ಲಿನ ಕಾಲದಲ್ಲಿ ಕಚ್ಚುತ್ತವೆಂದು ಅವುಗಳ ಗೂಡಿಗೆ ಬೆಂಕಿ ಹಿಡಿಯುವ ರೂಢಿಯೂ ಇದೆ. ಕೊಯ್ಯುವವರು ಕೈಕಾಲಿಗೆ ಬೂದಿ ಬಳಿದುಕೊಂಡು ಮರ ಹತ್ತಿದರೆ ಇರುವೆಯ ಕಾಟ ಬಹುಮಟ್ಟಿಗೆ ತಪ್ಪುತ್ತದೆ.